ಬಂಡೆಗಿಟ್ಟ ಮೀನು

ಮಂಡಿಕೆರೆ, ಉತ್ತರ ಸಸ್ಕಾಚೆವಾನ್
೨೯ ಮೇ ೧೯೯೩

ಒಡೀಲ್,

ಬೆಳಗ್ಗೆ ಆರೂವರೆ. ಮೊನ್ನೆ ಕೆರೆಯ ಮಂಜುಗಡ್ಡೆ ಒಡೆಯಿತು. ನಿನ್ನೆ ಇಡೀ ದಿನ ಗಾಳಿ ಅದನ್ನು ಆಚೆ ದಡಕ್ಕೆ ತಳ್ಳುತ್ತಲೇ ಇತ್ತು. ಇವತ್ತು ಕಿಟಕಿಯಿಂದ ನೋಡಿದರೆ ಬರೀ ನೀರು. ಪ್ರತಿವರ್ಷ ಈ ದಿನ ನಿನ್ನಪ್ಪ ಚಹಾದ ಲೋಟ ಹಿಡಿದು ದಡಕ್ಕೆ ಹೋಗಿ ಮೊದಲ ಗುಟುಕನ್ನು ನೀರಿಗೆ ಸುರಿದು ಬರುತ್ತಿದ್ದ. ಈ ವರ್ಷ ನಾನು ಹೋದೆ. ಅಭ್ಯಾಸಬಲದಿಂದ ಎರಡು ಲೋಟ ತೊಳೆದಿದ್ದೆ. ಒಂದನ್ನು ಮತ್ತೆ ಗೂಡಿನಲ್ಲಿಟ್ಟೆ.

ಫೋನಿನಲ್ಲಿ ಅಮ್ಮ ಮಾತೇ ಆಡುವುದಿಲ್ಲ ಎಂದು ದೂರುತ್ತೀಯ. ಊರಿಗಿರುವ ಒಂದು ಫೋನು ಅಂಗಡಿಯಲ್ಲಿದೆ. ನನ್ನ ಹಿಂದೆ ಆರು ಜನ ಹಾಲಿನ ಡಬ್ಬಿ ಹಿಡಿದು ನಿಂತು ನಾನು ಏನು ಹೇಳುತ್ತೇನೆಂದು ಕಾಯುತ್ತಿರುತ್ತಾರೆ. ಕಾಗದವೇ ವಾಸಿ. ದಿನಾ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಗೀಚುವ ಅಭ್ಯಾಸ ಹೇಗೂ ಇದೆ. ಇದನ್ನೂ ಹಾಗೇ ಬರೆಯುತ್ತೇನೆ.

ಹೋದ ವಾರ ಶಾಲೆಯ ಸಭಾಂಗಣದಲ್ಲಿ ಕೂಟವಿತ್ತು. ಸಸ್ಕಟೂನಿನಿಂದ ಮಾರಿಟ್ ಎಂಬ ಹುಡುಗಿ ಬಂದಿದ್ದಾಳೆ. ಹಳೇ ಯುರೇನಿಯಂ ಗಣಿಯ ಕಸ ನಮ್ಮ ಕೆರೆಗೆ ಏನು ಮಾಡಿದೆ ಎಂದು ನೋಡುವುದು ಅವಳ ಕೆಲಸ. ಗಣಿಯವರು ಇಪ್ಪತ್ತೈದು ವರ್ಷ ಗಣಿಯ ಹಿಂದಿನ ಹಿಂಗೆರೆಗೆ ಸುರಿದ ಬೂದು ಕೆಸರು ನಿನಗೆ ನೆನಪಿದೆ. ಹಿಂಗೆರೆಯಿಂದ ತೊರೆ ಇಳಿಯುವುದು ನಮ್ಮ ಕೆರೆಯ ಕೊಲ್ಲಿಗೇ. ನೀರು, ಕೆಸರು, ಮೀನು ಮೂರನ್ನೂ ಪರೀಕ್ಷೆಗೆ ಕಳಿಸುತ್ತಾಳಂತೆ, ಊರಿನವರ ಜೊತೆ ಸೇರಿಯೇ ಮಾಡುತ್ತಾಳಂತೆ.

ನಿನ್ನ ಇಸಿದೋರ್ ದೊಡ್ಡಪ್ಪ ಎದ್ದು ನಿಂತ. "ಇಪ್ಪತ್ತೈದು ವರ್ಷ ಸುರಿದ್ರಿ. ಹನ್ನೊಂದು ವರ್ಷ ಮಲ್ಕೊಂಡ್ರಿ. ಈಗ ಎದ್ದು ಬಂದು ನೀರು ಹೆಂಗಿದೆ ಅಂತ ನಮ್ಮನ್ನ ಕೇಳ್ತೀಯಾ ಮಗಳೇ?"

"ಸುರಿಯೋಕೆ ಶುರು ಮಾಡ್ದಾಗ ನಾನು ಹುಟ್ಟಿರ್ಲಿಲ್ಲ ಅಜ್ಜ," ಅಂದಳು ಹುಡುಗಿ.

"ಅದಕ್ಕೇ ನಿಂಗೆ ಚಹಾ ಕೊಟ್ಟಿರೋದು."

ಬಲೆ ಹಾಕುವ ಜಾಗಗಳು ಗೊತ್ತಿದ್ದದ್ದು ನಿನ್ನಪ್ಪ ಮೊಡೆಸ್ಟ್‌ಗೆ ಮತ್ತು ನನಗೆ, ಈಗ ನನಗೊಬ್ಬಳಿಗೇ. ಆದ್ದರಿಂದ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ದೋಣಿಗೆ ಇಸಿದೋರ್. ಅಪ್ಪನ ಕೆಮ್ಮಿನ ಬಗ್ಗೆಯೂ ಮಾರಿಟ್ ಕೇಳಿದಳು, ಗಣಿಯಲ್ಲಿ ಎಷ್ಟು ವರ್ಷ ಇದ್ದ ಎಂದು. ಒಂಬತ್ತು ಅಂದೆ. ಬರೆದುಕೊಂಡಳು.

ಇದರ ಜೊತೆ ಒಂದು ಕಟ್ಟು ಒಣಮೀನು ಇಟ್ಟಿದ್ದೇನೆ. ಗುರುವಾರದ ವಿಮಾನಕ್ಕೆ ಕೊಡುತ್ತೇನೆ.

ಅಮ್ಮ

*

ಸಸ್ಕಟೂನ್
೧೬ ಜೂನ್

ಅಮ್ಮಾ,

ಒಣಮೀನು ಬಂತು. ಕಟ್ಟು ಬಿಚ್ಚಿದ್ದೇ ಮನೆಯೆಲ್ಲ ಹೊಗೆಯ ವಾಸನೆ. ಪಕ್ಕದ ಮನೆಯವಳು ಬಾಗಿಲು ತಟ್ಟಿ ಏನಾದರೂ ಸುಟ್ಟುಹೋಯಿತೇ ಎಂದು ಕೇಳಿದಳು.

ಫೋನಿನಲ್ಲಿ ಹೇಳಲಾರದ್ದನ್ನು ಬರೆಯುತ್ತೇನೆ. ನನಗೆ ನಾಲ್ಕು ತಿಂಗಳು. ಈ ಸಲ ಯಾರಿಗೂ ಹೇಳಿಲ್ಲ. ಹಿಂದಿನ ಎರಡು ಸಲ ಎಲ್ಲರಿಗೂ ಹೇಳಿ, ಆಮೇಲೆ ಒಬ್ಬೊಬ್ಬರಿಗೂ ಇಲ್ಲ ಎಂದು ಹೇಳಬೇಕಾಯಿತು. ಹೊಟ್ಟೆಗೆ ಹೋದದ್ದೆಲ್ಲ ವಾಪಸ್ಸು ಬರುತ್ತಿದೆ. ನಿಲ್ಲುವುದು ನಿನ್ನ ಒಣಮೀನು ಒಂದೇ. ನಿನ್ನ ಅಳಿಯ ಡ್ವೇನ್ ತಮಾಷೆ ಮಾಡುತ್ತಾನೆ, ಮಗುವಿಗೆ ಕಿವಿರು ಬರುತ್ತದೆ ಎಂದು. ನನಗೆ ನಗು ಬರುವುದಿಲ್ಲ.

ಅಮ್ಮಾ, ತಿನ್ನಬಹುದಾ? ಮಾರಿಟ್ ಬಂದ ಸುದ್ದಿ ಓದಿದಾಗಿನಿಂದ ಅದೇ ಯೋಚನೆ. ಮೊದಲ ಎರಡೂ ಹೋದದ್ದು ಬೇಸಿಗೆಯಲ್ಲಿ, ನಾನು ಊರಿನಲ್ಲಿದ್ದಾಗ. ಸುಮ್ಮನೆ ಕಾಕತಾಳೀಯ ಎಂದು ಡಾಕ್ಟರು ಹೇಳುತ್ತಾರೆ. ನೀನು ದಿನಾ ಆ ನೀರಿನಲ್ಲಿ ಕೈಯಿಡುವವಳು. ನಿಜ ಹೇಳು.

ನಿನ್ನ ಒಡೀಲ್

*

ಮಂಡಿಕೆರೆ
೯ ಜುಲೈ

ಒಡೀಲ್,

ಮಧ್ಯಾಹ್ನ ಮೂರು ಗಂಟೆ. ಬೆಳಗ್ಗೆ ಕೊಲ್ಲಿಯ ಕೊನೇ ಬಲೆ ಎತ್ತಿದೆವು. ಕೈಯಿನ್ನೂ ಮರಗಟ್ಟಿದೆ, ಅಕ್ಷರ ಸೊಟ್ಟ.

ನಿನ್ನ ಕಾಗದವನ್ನು ಎರಡು ಸಲ ಓದಿ ನೋಟ್‌ಬುಕ್ಕಿನೊಳಗೆ ಇಟ್ಟಿದ್ದೇನೆ. ಯಾರಿಗೂ ಹೇಳಿಲ್ಲ. ನಿನ್ನಪ್ಪನ ಗೋರಿಯ ಹತ್ತಿರ ಹೋಗಿ ಅವನಿಗೆ ಮಾತ್ರ ಹೇಳಿ ಬಂದೆ.

ಇಲ್ಲಿಯ ಕೆಲಸ ಹೇಳುತ್ತೇನೆ. ಮಾರಿಟ್ ಬಳಿ ತೋಳುದ್ದದ ಪಾರದರ್ಶಕ ಕೊಳವೆಯಿದೆ. ಅದನ್ನು ಕೆರೆಯ ತಳಕ್ಕೆ ಒತ್ತಿ ಎತ್ತಿದರೆ ಕೆಸರು ಪದರ ಪದರವಾಗಿ ಬರುತ್ತದೆ. ಮೇಲೆ ಕಪ್ಪು, ನಡುವೆ ಎರಡು ಬೆರಳಗಲ ಬೂದು ಪಟ್ಟಿ, ಕೆಳಗೆ ಮತ್ತೆ ಕಪ್ಪು. ಆ ಬೂದು ಗಣಿಯ ವರ್ಷಗಳಂತೆ. ಇಸಿದೋರ್ ತಾನು ಹುಟ್ಟಿದ ವರ್ಷ ತೋರಿಸು ಅಂದ. ಅವಳು ಕೆಳಗಿನ ಕಪ್ಪನ್ನು ಮುಟ್ಟಿದಳು. "ನೋಡು ಫಿಲೋ, ಎಷ್ಟು ಚೊಕ್ಕಟವಾಗಿದ್ದೆ ನಾನು," ಅಂದ ನನ್ನ ಕಡೆ ತಿರುಗಿ. ಎಲ್ಲರೂ ನಕ್ಕರು. ನೀನು ಹುಟ್ಟಿದ ವರ್ಷ ಎಲ್ಲಿ ಎಂದು ನಾನು ಕೇಳಲಿಲ್ಲ. ಅದು ಬೂದಿನಲ್ಲೇ ಎಲ್ಲೋ ಇದೆ.

ಮೊದಲ ದಿನ ಒಂದು ಎಡವಟ್ಟಾಯಿತು. ಅವಳು ಆಚೆ ದಡದಲ್ಲಿ ಕೆಸರು ತೆಗೆಯುತ್ತಿದ್ದಾಗ ನಾವು ಬಲೆ ಎತ್ತಿ, ಅವಳಿಗೆಂದು ಹತ್ತು ಬಿಳಿಮೀನು ಹೆರೆದು, ಕರುಳು ತೆಗೆದು, ತಲೆ ಕತ್ತರಿಸಿ, ಮೂರು ನೀರಿನಲ್ಲಿ ತೊಳೆದು ಪೆಟ್ಟಿಗೆಯಲ್ಲಿ ಜೋಡಿಸಿದ್ದೆವು. ಅದನ್ನು ನೋಡಿ ಅವಳ ಮುಖ ಬಾಡಿತು. ಯುರೇನಿಯಂ ಹೆಚ್ಚಾಗಿ ಕೂರುವುದು ಮೂಳೆಯಲ್ಲಿ, ಒಳಗಿನ ಅಂಗಗಳಲ್ಲಿ ಅಂತೆ. ನಾವು ಕಾಗೆಗೆ ಎಸೆದದ್ದೇ ಅವಳಿಗೆ ಬೇಕಾಗಿತ್ತು. ಇಸಿದೋರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮೂವತ್ತು ವರ್ಷದಲ್ಲಿ ಅತಿಥಿಗೆ ಇಷ್ಟು ಚೆನ್ನಾಗಿ ಮೀನು ತೊಳೆದು ಬೈಸ್ಕೊಂಡಿದ್ದು ಇದೇ ಮೊದಲು," ಅಂದ. ಆ ಹತ್ತನ್ನು ಊಟಕ್ಕೆ ಬಳಸಿದೆವು. ಆಮೇಲಿನ ಬಲೆಗಳದ್ದನ್ನು ಇಡಿಯಾಗಿ ಕೊಟ್ಟೆವು. ಒಟ್ಟು ನಲವತ್ತು.

ವಾರಕ್ಕೆ ಎಷ್ಟು ಸಲ ಮೀನು ತಿನ್ನುತ್ತೀರಿ ಎಂದೂ ಕೇಳಿದಳು. ನಾಲ್ಕು ಅಂದೆ. ತಲೆಯ ಸಾರನ್ನು ಎಣಿಸಲಿಲ್ಲ. ಅದನ್ನು ಯಾರು ಊಟ ಅನ್ನುತ್ತಾರೆ.

ತಿನ್ನಬಹುದೇ ಎಂದಿದ್ದೀಯ. ನಾನು ಓದಿದ್ದು ಆರನೇ ಕ್ಲಾಸು. ಕಣ್ಣಿಗೆ ಚೆನ್ನಾಗಿ ಕಂಡದ್ದನ್ನೇ ಒಣಗಿಸಿ ಕಳಿಸುತ್ತಿದ್ದೇನೆ, ಸಾರಿಗೆ ಬೆನ್ನೆಲುಬೂ ಇದೆ. ಹುರಿ ಸಿಗಲಿಲ್ಲ, ಅಪ್ಪನ ಬಲೆಯ ಹಸಿರು ನೂಲಿನಿಂದ ಕಟ್ಟಿದ್ದೇನೆ. ತಿನ್ನು. ಉಳಿದದ್ದು ಪರೀಕ್ಷೆಯಿಂದ ತಿಳಿಯುತ್ತದೆ.

ಕಾಲು ಎತ್ತರಕ್ಕಿಟ್ಟು ಮಲಗು.

ಅಮ್ಮ

*

ಸಸ್ಕಟೂನ್
೩೦ ಆಗಸ್ಟ್

ಅಮ್ಮಾ,

ಮಾರಿಟ್‌ಗೆ ನಾನೇ ಫೋನ್ ಮಾಡಿದೆ. ಕೊಲ್ಲಿಯ ಮೀನಿನ ಫಲಿತಾಂಶ ಬಂದಿದೆ, ನಿಮಗೂ ಕಳಿಸಿದ್ದಾಳಂತೆ. ನಲವತ್ತು ಮೀನಿನಲ್ಲಿ ಒಂದರಲ್ಲೂ ಊನವಿಲ್ಲ. ಕೆಸರಿನಲ್ಲಿ ಇದೆ, ಮೀನಿಗೆ ಅಷ್ಟಾಗಿ ಹತ್ತಿಲ್ಲ, ತಿನ್ನಲು ಅಡ್ಡಿಯಿಲ್ಲ ಎಂದು ಬರೆದಿದೆಯಂತೆ.

ಫೋನ್ ಇಟ್ಟವಳೇ ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತೆ. ಆಮೇಲೆ ಎದ್ದು ಎರಡು ತುಂಡು ತಿಂದೆ. ಬೆನ್ನೆಲುಬು ಹಾಕಿ ಸಾರು ಮಾಡಿಕೊಂಡು ಕುಡಿಯುತ್ತಿದ್ದೇನೆ. ಆರು ತಿಂಗಳು ದಾಟಿತು. ಇಷ್ಟು ದೂರ ನಾನು ಯಾವತ್ತೂ ಬಂದಿರಲಿಲ್ಲ.

ನವೆಂಬರ್ ಹದಿನಾರಕ್ಕೆ ದಿನ ಕೊಟ್ಟಿದ್ದಾರೆ. ವಸಂತಕ್ಕೆ ಮಗುವನ್ನು ಕರೆದುಕೊಂಡು ಬರುತ್ತೇನೆ. ಒಂದು ಬೇಸಿಗೆಯಿಡೀ ಇರುತ್ತೇನೆ. ಇನ್ನೂ ಒಣಮೀನು ಕಳಿಸು.

ಒಡೀಲ್

*

ಮಂಡಿಕೆರೆ
೮ ಸೆಪ್ಟೆಂಬರ್

ಒಡೀಲ್,

ಬೆಳಗ್ಗೆ ಒಂಬತ್ತು. ನಿನ್ನೆ ಕ್ರ್ಯಾನ್‌ಬೆರಿ ಆರಿಸಲು ಹೋಗಿದ್ದೆ. ಮಧ್ಯಾಹ್ನದಿಂದ ಗಾಳಿ.

ನಿನ್ನ ಕಾಗದ ಬಂತು. ಸಂತೋಷ. ಫಲಿತಾಂಶ ಕೇಳಿ ಇಲ್ಲಿಯೂ ಎಲ್ಲರಿಗೂ ಸಂತೋಷ. ಕೊಲ್ಲಿಯಲ್ಲಿ ಐದು ಮನೆಯವರು ಬಲೆ ಹಾಕಿದ್ದಾರೆ. ಶಾಲೆಯಲ್ಲಿ ಮಕ್ಕಳಿಗೆ ಶುಕ್ರವಾರ ಮೀನಿನ ಸಾರು ಕೊಡುತ್ತಿದ್ದಾರೆ.

ಈ ಸಲ ಕ್ಯಾರಿಬೂ ಜಿಂಕೆಯ ಒಣ ಮಾಂಸ ಕಳಿಸಿದ್ದೇನೆ. ಮಗುವಿಗೆ ಮೆತ್ತನೆಯ ಬಟ್ಟೆ ಎರಡು ಗಜ ಇದೆ. ಮೀನು ಇಲ್ಲ. ಗಾಳಿ ಜಾಸ್ತಿ. ಹಿಂದೆ ಕಳಿಸಿದ್ದು ಉಳಿದಿದ್ದರೆ ಸದ್ಯಕ್ಕೆ ಇಟ್ಟಿರು, ಮಾಂಸ ತಿನ್ನು.

ಮಗು ಒದೆಯುತ್ತದೆಯೇ?

ಅಮ್ಮ

*

ಸಸ್ಕಟೂನ್
೨೧ ಸೆಪ್ಟೆಂಬರ್

ಅಮ್ಮಾ,

ಎರಡು ಪೊಟ್ಟಣ ಬಂದವು, ಎರಡರಲ್ಲೂ ಮೀನಿಲ್ಲ. ಎರಡನೆಯದರಲ್ಲಿ ಕಾಗದವಿಲ್ಲ, ಒಂದು ಚೀಟಿ: "ಒದೆಯುತ್ತದೆಯೇ?" ಶನಿವಾರ ನೀನು ಅಂಗಡಿಯಿಂದ ಫೋನ್ ಮಾಡಿದೆ. ಮತ್ತೆ ಅದನ್ನೇ ಕೇಳಿ ಇಟ್ಟುಬಿಟ್ಟೆ.

ಗಾಳಿ ಎಂದು ಬರೆದಿದ್ದೀಯ. ಗಾಳಿಗೆ ಹೆದರಿ ನೀನು ಬಲೆ ಹಾಕದೆ ಇದ್ದದ್ದು ನಾನು ಕಂಡಿಲ್ಲ.

ಒದೆಯುತ್ತದೆ. ಕೆಲವು ದಿನ ಕಡಿಮೆ. ಆ ದಿನಗಳಲ್ಲಿ ನಾನು ಹೊಟ್ಟೆಯ ಮೇಲೆ ಕೈಯಿಟ್ಟು ಗೋಡೆ ನೋಡುತ್ತ ಕೂತಿರುತ್ತೇನೆ. ಏನಾಗಿದೆ ಅಮ್ಮ? ಏನೇ ಇದ್ದರೂ ಬರೆ. ನೀನು ಬರೆಯದೆ ಇರುವುದಕ್ಕೇ ನನಗೆ ಹೆಚ್ಚು ಹೆದರಿಕೆ.

ಒಡೀಲ್

*

ಮಂಡಿಕೆರೆ
೨೯ ಸೆಪ್ಟೆಂಬರ್

ಒಡೀಲ್,

ಬೆಳಗ್ಗೆ ಏಳು. ದಡದಲ್ಲಿ ತೆಳುವಾಗಿ ಮಂಜು ಕಟ್ಟಿದೆ. ನಿನ್ನೆ ಇಡೀ ದಿನ ಹಳೇ ನೋಟ್‌ಬುಕ್ಕುಗಳನ್ನು ಮಂಚದ ಕೆಳಗಿಂದ ತೆಗೆದು ಓದಿದೆ. ಇಪ್ಪತ್ತೆರಡು ಇವೆ. ಓದಿ ಮುಗಿಸಿದ ಮೇಲೆ ಈ ಕಾಗದ ಬರೆಯಲೇಬೇಕಾಯಿತು.

ತೊರೆಯ ಬಾಯಿಯ ಹತ್ತಿರವಿರುವ ಕಾಗೆಬಂಡೆ ನಿನಗೆ ಗೊತ್ತು. ಚಿಕ್ಕವಳಿದ್ದಾಗ ಅದನ್ನು ಹತ್ತಬೇಡ ಎಂದು ಅಪ್ಪ ಬೈಯುತ್ತಿದ್ದ. ಯಾಕೆ ಎಂದು ಹೇಳುತ್ತಿರಲಿಲ್ಲ. ಬಲೆಯಲ್ಲಿ ಬೆನ್ನು ಸೊಟ್ಟಗಾದ ಮೀನು, ಬಾಯಿ ಮುಚ್ಚಲಾಗದ ಮೀನು, ಹೊಟ್ಟೆ ಉಬ್ಬಿದ ಮೀನು ಬಂದರೆ ಅವನು ಅದನ್ನು ಆ ಬಂಡೆಯ ಮೇಲಿಟ್ಟು ಕ್ಷಮೆ ಕೇಳಿ ಬರುತ್ತಿದ್ದ. ಮನೆಗೆ ತರುತ್ತಿರಲಿಲ್ಲ, ಯಾರಿಗೂ ಹೇಳುತ್ತಿರಲಿಲ್ಲ. ಮೀನು ತನ್ನನ್ನು ತಾನೇ ನಮಗೆ ಕೊಡುತ್ತದೆ. ಕೊಟ್ಟವರ ಮೈಯ ಊನವನ್ನು ಆಡಿಕೊಂಡರೆ ಅದು ಮತ್ತೆ ಬರುವುದಿಲ್ಲ. ನನ್ನ ಅಜ್ಜಿ ಹೇಳಿದ್ದೂ ಇದನ್ನೇ. ಅಂಥದ್ದನ್ನು ಅತಿಥಿಯ ಮುಂದಿಡುವುದಂತೂ ಕನಸಿನಲ್ಲೂ ಇಲ್ಲ.

ಮಾರಿಟ್ ಅತಿಥಿ.

ತಲೆ ಕರುಳು ಸಮೇತ ಇಡಿಯಾಗಿ ಕೊಡಿ ಎಂದಳು, ಕೊಟ್ಟೆವು. ಆರಿಸಬೇಡಿ ಎಂದು ಅವಳು ಹೇಳಲಿಲ್ಲ. ಆರಿಸುತ್ತಿದ್ದೇವೆ ಎಂಬ ಎಚ್ಚರವೂ ನಮಗಿರಲಿಲ್ಲ. ಕೈ ತಾನೇ ಮಾಡಿತು. ಇಡಿಯಾಗಿ ಕೊಟ್ಟ ಬಲೆಗಳಲ್ಲಿ ಬಂದದ್ದು ನಲವತ್ತಲ್ಲ, ಐವತ್ತೊಂದು. ಹನ್ನೊಂದನ್ನು ನಾನು ಬಂಡೆಯ ಮೇಲಿಟ್ಟೆ. ಅವಳ ವರದಿಯಲ್ಲಿ "ಒಂದರಲ್ಲೂ ಊನವಿಲ್ಲ" ಎಂದು ಓದಿದಾಗ ಹೆಮ್ಮೆಯಾಯಿತು. ಎಷ್ಟು ಒಳ್ಳೆಯದನ್ನು ಕೊಟ್ಟೆವು ನೋಡು ಎಂದುಕೊಂಡೆ. ಆ ಹನ್ನೊಂದು ನೆನಪಾದದ್ದು ಪಾತ್ರೆ ತೊಳೆಯುವಾಗ. ಒಡೀಲ್, ಕೈಯಲ್ಲಿದ್ದ ತಟ್ಟೆ ಕೆಳಗೆ ಬಿತ್ತು.

ನೋಟ್‌ಬುಕ್ಕಿನಲ್ಲಿ ಪ್ರತಿದಿನದ ಮೀನಿನ ಲೆಕ್ಕದ ಕೆಳಗೆ ನಾನೇ ಬರೆದಿದ್ದೇನೆ: ಬಂಡೆಗೆ ಒಂದು. ಬಂಡೆಗೆ ಇಲ್ಲ. ಬಂಡೆಗೆ ಎರಡು. ಅಪ್ಪ ಬಾಯಿಬಿಟ್ಟು ಹೇಳದ್ದನ್ನು ನಾನು ಬರೆಯುತ್ತಿದ್ದೆ, ಕೂಡಿಸಿ ನೋಡಿರಲಿಲ್ಲ. ನಿನ್ನೆ ಕೂಡಿಸಿದೆ. ಎಪ್ಪತ್ತೊಂದರ ಬೇಸಿಗೆಯಲ್ಲಿ ಎರಡು. ಎಂಬತ್ತರಲ್ಲಿ ಆರು. ಹೋದ ವರ್ಷ ಹದಿನೇಳು. ಎಲ್ಲವೂ ಕೊಲ್ಲಿಯಲ್ಲಿ ಬಂದದ್ದು, ಮನೆಮುಂದಿನ ಬಲೆಯಲ್ಲಿ ಒಂದೂ ಇಲ್ಲ.

ಇನ್ನೊಂದು ಇದೆ. ಜೂನ್ ಕೊನೆಯಲ್ಲಿ ಎರಡು ವಾರ ಗಾಳಿ ಹೊಡೆದಾಗ ಮನೆಮುಂದೆ ಬಲೆ ನಿಲ್ಲಲಿಲ್ಲ, ನಾನು ಒಣಗಿಸಿದ್ದು ಕೊಲ್ಲಿಯ ಮೀನನ್ನೇ. ಹಸಿರು ನೂಲಿನ ಕಟ್ಟು ಅದು. ನೋಡಲು ಚೆನ್ನಾಗಿತ್ತು. ತಿನ್ನಬಹುದಾ ಎಂದು ನೀನು ಕೇಳಿದೆ, ತಿನ್ನು ಎಂದು ಬರೆದು ಅದನ್ನೇ ಕಳಿಸಿದೆ.

ಅದರಲ್ಲಿ ಏನಾದರೂ ಇದೆಯೋ ಇಲ್ಲವೋ ನನಗೆ ತಿಳಿಯದು. ಮಾರಿಟ್‌ಗೂ ಈ ವಿಮಾನದಲ್ಲೇ ಕಾಗದ ಹೋಗುತ್ತಿದೆ. ಉಳಿದಿದ್ದರೆ ಮುಟ್ಟಬೇಡ. ಎಸೆಯಲೂ ಬೇಡ.

ಮೂರು ವಾರ ನಾನು ಸುಮ್ಮನಿದ್ದೆ. ಊರು ಸಾರು ಕುಡಿಯುತ್ತಿತ್ತು. ನೀನೂ.

ಅಮ್ಮ

*

ಸಸ್ಕಟೂನ್
೬ ಅಕ್ಟೋಬರ್

ಅಮ್ಮಾ,

ಹಸಿರು ನೂಲಿನ ಕಟ್ಟಿನಲ್ಲಿ ಹನ್ನೆರಡು ಇತ್ತು. ಮೂರು ಉಳಿದಿದೆ. ಬೆನ್ನೆಲುಬು ಒಂದೂ ಇಲ್ಲ, ಎಲ್ಲ ಸಾರಾಯಿತು. ಮಾರಿಟ್ ಮನೆಗೇ ಬಂದು ಮೂರನ್ನೂ ತೆಗೆದುಕೊಂಡು ಹೋದಳು. ನೂಲನ್ನು ನಾನು ಕೊಡಲಿಲ್ಲ. ಫಲಿತಾಂಶಕ್ಕೆ ಆರು ವಾರ, ಅಂದರೆ ಹೆರಿಗೆಯ ಆಸುಪಾಸು. ಡಾಕ್ಟರಿಗೆ ಹೇಳಿದ್ದೇನೆ. ಕಾದು ನೋಡೋಣ ಎಂದರು. ಎಲ್ಲರೂ ಅದನ್ನೇ ಹೇಳುತ್ತಾರೆ.

ಅಪ್ಪ ಮಾಡಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ನಾನು ಪರೀಕ್ಷೆ ಏನು ಹೇಳುತ್ತದೆ ಎಂದು ಕೇಳಿರಲಿಲ್ಲ. ನಿನ್ನನ್ನು ಕೇಳಿದ್ದೆ. ನಾನು ಅತಿಥಿ ಅಲ್ಲ ಅಮ್ಮ.

ಇವತ್ತು ಬೆಳಗ್ಗೆ ನಿನ್ನ ಕಾಗದ ಮತ್ತೆ ಓದುತ್ತಿದ್ದಾಗ ಜೋರಾಗಿ ಒದೆಯಿತು. ಕೇಳಿದ್ದೆಯಲ್ಲ, ಅದಕ್ಕೆ ಬರೆದೆ.

ಒಡೀಲ್

*

ಮಂಡಿಕೆರೆ
೧೪ ಅಕ್ಟೋಬರ್

ಒಡೀಲ್,

ಸಂಜೆ ಐದು. ಬೆಳಗ್ಗೆ ಹಿಮ ಉದುರಿ ಮಧ್ಯಾಹ್ನಕ್ಕೆ ಕರಗಿತು. ಕೆರೆ ಗಟ್ಟಿಯಾಗಲು ಇನ್ನು ಎರಡು ವಾರವೂ ಇಲ್ಲ. ಈಗಷ್ಟೇ ಬಲೆ ಹಾಕಿ ಬಂದೆ.

ನಿನ್ನ ಕಾಗದದ ಕೊನೆಯ ಎರಡು ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೇಲಿನ ಸಾಲುಗಳನ್ನು ಬರೆದುಕೊಳ್ಳುವ ಅಗತ್ಯವಿಲ್ಲ, ಅವು ಮರೆಯುವಂಥವಲ್ಲ.

ಸೋಮವಾರ ಮಾರಿಟ್ ಬಂದಳು. ಸಭಾಂಗಣ ತುಂಬಿತ್ತು. ನಾನು ಇಪ್ಪತ್ತೆರಡು ನೋಟ್‌ಬುಕ್ಕನ್ನು ಹಿಟ್ಟಿನ ಚೀಲದಲ್ಲಿ ಹೊತ್ತುಕೊಂಡು ಹೋಗಿದ್ದೆ. ವರ್ಷವರ್ಷದ ಲೆಕ್ಕವನ್ನು ನಿಂತು ಓದಿದೆ. ಎಂಬತ್ತಾರರವರೆಗೆ ಬಂದಿದ್ದೆ, ಇಸಿದೋರ್ ಎದ್ದ.

"ಸಾಕು ಮಾಡು. ಮೀನಿನ ಮೈಯ ಊನ ಸಭೇಲಿ ಓದ್ತಾರಾ? ನನ್ನ ತಮ್ಮ ಮೂವತ್ತು ವರ್ಷ ಬಾಯಿ ಬಿಡ್ಲಿಲ್ಲ."

"ಬಿಡ್ಲಿಲ್ಲ ಭಾವ. ಕೆಮ್ಮಿ ಕೆಮ್ಮಿ ಹೋದ."

ಅವನು ಟೋಪಿ ಹಾಕಿಕೊಂಡು ಹೊರಗೆ ನಡೆದ. ಅವನ ಹಿಂದೆ ಇನ್ನೂ ಕೆಲವರು ಹೋದರು. ಉಳಿದ ವರ್ಷಗಳನ್ನೂ ಓದಿ ಮುಗಿಸಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಂದಿರು ತಮ್ಮ ಮಕ್ಕಳ ಬೆನ್ನನ್ನು ನೋಡುತ್ತಿದ್ದರು.

ಮಾರಿಟ್ ಹತ್ತಿರ ಬಂದು, ಮೊದಲೇ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದಳು. ನೀನು ಮೀನು ಕೇಳಿದೆ, ಅತಿಥಿಗೆ ಅಂಥದ್ದನ್ನು ಕೊಡುವುದು ಹೇಗೆ ಅಂದೆ. ಅವಳು ಒಂದು ನೋಟ್‌ಬುಕ್ಕು ತೆಗೆದು ಪುಟ ತಿರುವಿದಳು. "ಯಾವುದನ್ನ ಕೊಡ್ಲಿಲ್ಲ ಅಂತ ನಾನು ಕೇಳ್ಬೇಕಿತ್ತು," ಅಂದಳು. ಮೊದಲ ಫಲಿತಾಂಶವನ್ನು ಯಾರೂ ನಂಬಬೇಡಿ ಎಂದು ಎಲ್ಲರೆದುರು ಹೇಳಿದಳು. ಕೆರೆ ಗಟ್ಟಿಯಾಗುವ ಮೊದಲು ಮತ್ತೆ ಬಲೆ ಹಾಕಬೇಕು ಅಂದಳು.

ಶಾಲೆಯ ಸಾರು ನಿಂತಿದೆ. ಕೊಲ್ಲಿಯಲ್ಲಿ ಬಲೆ ಹಾಕಿದ್ದ ಐದು ಮನೆಯವರಲ್ಲಿ ಮೂವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅಂಗಡಿಯಲ್ಲಿ ನಾನು ಒಳಗೆ ಹೋದರೆ ಸದ್ದು ನಿಲ್ಲುತ್ತದೆ. ನನಗೆ ಅದರ ಹೆದರಿಕೆಯಿಲ್ಲ. ಹೆದರಿಕೆ ಬೇರೆ ಎರಡಿವೆ. ಊನದ ಮೀನು ಬಲೆಯಲ್ಲಿ ಬರುತ್ತದೆ ಎಂಬುದು ಒಂದು. ಮೀನೇ ಬರುವುದಿಲ್ಲ ಎಂಬುದು ಇನ್ನೊಂದು. ಯಾವುದು ದೊಡ್ಡದೋ ತಿಳಿಯದು. ಎರಡರ ಕೆಳಗೂ ನೀನಿದ್ದೀಯ.

ಇವತ್ತು ಮಧ್ಯಾಹ್ನ ಒಬ್ಬಳೇ ದೋಣಿ ತಳ್ಳೋಣ ಎಂದು ದಡಕ್ಕೆ ಹೋದರೆ ಇಸಿದೋರ್ ಅದರಲ್ಲಿ ಕೂತಿದ್ದ, ಕಾಲಬಳಿ ಪೆಟ್ರೋಲಿನ ಡಬ್ಬ.

"ನೀರಿಗೆ ಹೇಳೋದನ್ನ ನಾನು ಹೇಳ್ತೀನಿ," ಅಂದ. "ನೀನು ಬಲೆ ನೋಡ್ಕೋ. ಒಬ್ಬಳೇ ಹೋಗಿ ಮುಳುಗಿದ್ರೆ ಒಡೀಲ್‌ಗೆ ಕಾಗದ ನಾನು ಬರೀಬೇಕಾಗುತ್ತೆ. ನಂಗೆ ಅಕ್ಷರ ಬರಲ್ಲ."

ತೊರೆಯ ಬಾಯಿಯಲ್ಲಿ ಅವನು ಇಂಜಿನ್ ನಿಲ್ಲಿಸಿ ಹೊಗೆಸೊಪ್ಪನ್ನು ಚಿಟಿಕೆ ಚಿಟಿಕೆಯಾಗಿ ನೀರಿಗೆ ಕಾಣಿಕೆ ಹಾಕುತ್ತ ಏನೋ ಹೇಳಿದ. ನನಗೆ ಕೇಳಿಸಿದ್ದು ಮೊಡೆಸ್ಟ್‌ನ ಹೆಸರು, ಆಮೇಲೆ ನಿನ್ನದು. ಯಾರೂ ಹೇಳದಿದ್ದರೂ ನಿನ್ನ ಬಸಿರು ಅವನಿಗೆ ಗೊತ್ತಾಗಿದೆ. ನಾನು ಬಲೆ ಬಿಟ್ಟೆ. ಕಾಗೆಬಂಡೆಯ ಮೇಲೆ ಎರಡು ಕಾಗೆ ಕೂತು ನಮ್ಮನ್ನೇ ನೋಡುತ್ತಿದ್ದವು, ರೂಢಿಯಂತೆ.

ಮಾರಿಟ್ ಆರು ಮಂಜಿನ ಪೆಟ್ಟಿಗೆ ತಂದಿದ್ದಾಳೆ. ನಾಳೆ ಬೆಳಗ್ಗೆ ಏಳಕ್ಕೆ ಬಲೆ ಎತ್ತುತ್ತೇವೆ. ಬಂದದ್ದೆಲ್ಲ ಪೆಟ್ಟಿಗೆಗೆ ಹೋಗುತ್ತದೆ.

ಅಮ್ಮ